ಕಂಪ್ಯೂಟರ್ ಹಿಡಿತದ ಕಾರ್ಬ್ಯುರೇಟರ್: ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದ ಬಳಿ, ನನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ 1984ರ ಒಂದು ಅಮೆರಿಕನ್ ಸೆಡಾನ್ ಇದೆ. ವಿದೇಶದಲ್ಲಿ ದುಡಿದು ಮರಳಿದವರೊಬ್ಬರು ತಂದು ಬಹುಕಾಲ ಗೋವಾದಲ್ಲಿ ಇಟ್ಟುಕೊಂಡಿದ್ದ ಈ ಗಾಡಿ ನನ್ನ ಕೈಗೆ ಬಂದಾಗ ಅದರ ಐಡ್ಲಿಂಗ್ ಸ್ಥಿರವಾಗಿರುತ್ತಿರಲಿಲ್ಲ, ಪಿಕಪ್ ಇರಲಿಲ್ಲ, ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ ಬರುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಕಾರ್ಬ್ಯುರೇಟರ್ ಹೋಗಿದೆ, ಕಂಪ್ಯೂಟರಿನ ವೈರುಗಳನ್ನೆಲ್ಲ ಕತ್ತರಿಸಿ ಸಾದಾ ಕಾರ್ಬ್ಯುರೇಟರ್ ಕೂರಿಸಿಬಿಡಿ. ಆ ಸಲಹೆಯನ್ನು ನಾನು ಒಪ್ಪಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಅದೇ ಕಾರ್ಬ್ಯುರೇಟರ್ ಈಗ ಅದೇ ಕಂಪ್ಯೂಟರಿನೊಂದಿಗೆ ಸರಿಯಾಗಿ ಕೆಲಸ ಮಾಡುತ್ತಿದೆ. ಇಂಥ ಗಾಡಿಯನ್ನು ಇಟ್ಟುಕೊಂಡವರು ನಮ್ಮ ಕರಾವಳಿಯಲ್ಲಿ, ಗೋವಾದ ಗಡಿಯ ಆಚೆ ಈಚೆ, ಒಬ್ಬಿಬ್ಬರಾದರೂ ಇದ್ದಾರೆ. ಅವರಿಗೆ ಉಪಯೋಗವಾಗಲೆಂದು, ಮಾಡಿದ್ದನ್ನು ಮಾಡಿದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮೆಕ್ಯಾನಿಕ್‌ಗಳಿಗೆ ಈ ಯಂತ್ರ ಅಪರಿಚಿತವಾಗಿರುವುದಕ್ಕೆ ಕಾರಣವಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800 ಗಾಡಿಗಳ ಸಾದಾ ಕಾರ್ಬ್ಯುರೇಟರನ್ನು ಕಣ್ಣು ಮುಚ್ಚಿ ಬಿಚ್ಚಬಲ್ಲ ಕೈಗಳು ಇಲ್ಲಿ ಇನ್ನೂ ಇವೆ; ಆದರೆ ನಮ್ಮ ಬಹುಪಾಲು ಕಾರುಗಳು 2000ದ ಸುಮಾರಿಗೆ ಸಾದಾ ಕಾರ್ಬ್ಯುರೇಟರಿನಿಂದ ನೇರವಾಗಿ ಎಂಪಿಎಫ್‌ಐಗೆ, ಎಂದರೆ ಕಂಪ್ಯೂಟರ್ ನಡೆಸುವ ಪೆಟ್ರೋಲ್ ಇಂಜೆಕ್ಷನ್‌ಗೆ, ಹೋದವು. ನಡುವಿನ ಮೆಟ್ಟಿಲು ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣಿಸಲೇ ಇಲ್ಲ. ಆ ಮೆಟ್ಟಿಲು ಹುಟ್ಟಿದ್ದು ಅಮೆರಿಕದ ಹೊಗೆ ನಿಯಮಗಳಿಂದ. ಹೊಗೆಯ ಮೂರು ಬಗೆಯ ಮಾಲಿನ್ಯವನ್ನು ಒಟ್ಟಿಗೆ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ದುಡಿಯಬೇಕಾದರೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಪ್ರಮಾಣದ ಆಸುಪಾಸಿನಲ್ಲಿಯೇ ಮಿಶ್ರಣ ಇರಬೇಕು, ಮತ್ತು ಅಷ್ಟು ನಿಖರತೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತುಗಳಾದ ಸಾದಾ ಜೆಟ್ಟುಗಳಿಂದ ಸಾಧ್ಯವಿರಲಿಲ್ಲ. ಆದ್ದರಿಂದ ಜನರಲ್ ಮೋಟರ್ಸ್ ಕಂಪನಿಯು 1981ರ ಮಾದರಿಗಳಿಂದ ತನ್ನ ಕಾರುಗಳಿಗೆ ಕಂಪ್ಯೂಟರ್ ಕಮಾಂಡ್ ಕಂಟ್ರೋಲ್ ಎಂಬ ವ್ಯವಸ್ಥೆಯನ್ನು ವ್ಯಾಪಕವಾಗಿ ಅಳವಡಿಸಿತು. ನನ್ನ ಗಾಡಿಯಲ್ಲಿರುವುದು ಆ ವ್ಯವಸ್ಥೆಯ ಎರಡು ಬಾಯಿಯ ರಾಚೆಸ್ಟರ್ ಇ2ಎಂಇ. ನಾಲ್ಕು ಬಾಯಿಯ ಇ4ಎಂಇ ಎಂಬುದರ ಮುಂಭಾಗದ ಅರ್ಧ ಎಂದು ಇದನ್ನು ತಿಳಿದರೆ ಸಾಕು. ಮುಂದೆ ಹೇಳುವುದರಲ್ಲಿ ಹೆಚ್ಚಿನ ಪಾಲು ಎರಡಕ್ಕೂ ಹೊಂದುತ್ತದೆ.

ಒಳಗಿನ ಕೆಲಸ

ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿ ಜಂತ್ರಡಿ ಎಂಬ ತೂಬಿನ ಹಲಗೆಯನ್ನು ಏರಿಸುತ್ತ ಇಳಿಸುತ್ತ ಉಬ್ಬರ ಇಳಿತದ ನೀರನ್ನು ಬೇಕಾದಷ್ಟೇ ಒಳಗೆ ಬಿಡುತ್ತಾರೆ. ಈ ಕಾರ್ಬ್ಯುರೇಟರಿನಲ್ಲಿ ಆ ಹಲಗೆಯ ಕೆಲಸ ಮಾಡುವುದು ಮಿಕ್ಸ್‌ಚರ್ ಕಂಟ್ರೋಲ್ ಸೊಲೆನಾಯ್ಡ್. ಪೆಟ್ರೋಲ್ ತುಂಬಿರುವ ಫ್ಲೋಟ್ ಚೇಂಬರಿನ ನಡುವೆ ನಿಂತಿರುವ ಈ ಸುರುಳಿಗೆ ಕಂಪ್ಯೂಟರ್ ಸೆಕೆಂಡಿಗೆ 10 ಬಾರಿ ವಿದ್ಯುತ್ ಕೊಟ್ಟು ಬಿಡಿಸುತ್ತದೆ. ವಿದ್ಯುತ್ ಬಂದಾಗ ಪ್ಲಂಜರ್ ಕೆಳಗಿಳಿದು, ಮೀಟರಿಂಗ್ ಸೂಜಿಗಳು ಜೆಟ್ಟುಗಳೊಳಗೆ ಇಳಿಯುತ್ತವೆ ಮತ್ತು ಮಿಶ್ರಣ ಲೀನ್ ಆಗುತ್ತದೆ, ಎಂದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ವಿದ್ಯುತ್ ನಿಂತಾಗ ಸ್ಪ್ರಿಂಗ್ ಪ್ಲಂಜರನ್ನು ಮೇಲೆತ್ತಿ ಮಿಶ್ರಣ ರಿಚ್ ಆಗುತ್ತದೆ, ಎಂದರೆ ಪೆಟ್ರೋಲ್ ಹೆಚ್ಚುತ್ತದೆ. ಪ್ರತಿ ಬಡಿತದಲ್ಲಿ ಎಷ್ಟು ಹೊತ್ತು ವಿದ್ಯುತ್ ಇರಬೇಕೆಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಅದಕ್ಕೆ ಸುದ್ದಿ ತರುವುದು ಎಗ್ಸಾಸ್ಟ್ ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರ್: ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾದ ಮೇಲೆ ಅದು ಲೀನ್ ಮಿಶ್ರಣಕ್ಕೆ 0.1 ವೋಲ್ಟಿನ ಸಮೀಪ, ರಿಚ್ ಮಿಶ್ರಣಕ್ಕೆ 0.9 ವೋಲ್ಟಿನ ಸಮೀಪ ತೋರಿಸುತ್ತದೆ. ಇದಲ್ಲದೆ ಎಕ್ಸಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ತಟ್ಟೆ ಎಷ್ಟು ತೆರೆದಿದೆ, ಎಂಜಿನ್ ನೀರು ಎಷ್ಟು ಬಿಸಿಯಿದೆ, ಮಿಶ್ರಣ ಎಂಜಿನ್ನಿಗೆ ಸಾಗುವ ಮ್ಯಾನಿಫೋಲ್ಡಿನ ಒತ್ತಡ ಎಷ್ಟು ಎಂಬ ಸುದ್ದಿಗಳೂ ಕಂಪ್ಯೂಟರಿಗೆ ಬರುತ್ತವೆ.

ಸಾದಾ ಕಾರ್ಬ್ಯುರೇಟರ್ ಕೂರಿಸುವ ಸಲಹೆ ಏಕೆ ತಪ್ಪು ಎಂಬುದೂ ಇಲ್ಲಿಯೇ ತಿಳಿಯುತ್ತದೆ. ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಈ ಗಾಡಿಯ ಡಿಸ್ಟ್ರಿಬ್ಯೂಟರಿನಲ್ಲಿ ಟೈಮಿಂಗ್ ಸರಿಸುವ ತೂಕದ ಗುಂಡುಗಳಾಗಲಿ ವ್ಯಾಕ್ಯೂಮ್ ಅಡ್ವಾನ್ಸ್ ಆಗಲಿ ಇಲ್ಲ; ಸ್ಪಾರ್ಕಿನ ಟೈಮಿಂಗನ್ನೂ ಅದೇ ಕಂಪ್ಯೂಟರ್ ನಡೆಸುತ್ತದೆ, ಮತ್ತು ಅದಕ್ಕೆ ಕಾರ್ಬ್ಯುರೇಟರಿನೊಳಗೆ ಕೂತ ಥ್ರಾಟಲ್ ಪೊಸಿಷನ್ ಸೆನ್ಸರಿನ ಸುದ್ದಿ ಬೇಕೇ ಬೇಕು. ಕಾರ್ಬ್ಯುರೇಟರ್ ಒಂದನ್ನೇ ಬದಲಿಸಿದರೆ ಗಾಡಿ ನಡೆಯುತ್ತದೆ, ಆದರೆ ಏರಿನಲ್ಲಿ ಉಸಿರು ಕಟ್ಟುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಕನ್ವರ್ಟರ್ ಸುಟ್ಟುಹೋಗುತ್ತದೆ. ಹಾಗೆ ಮಾಡುವವರು ಡಿಸ್ಟ್ರಿಬ್ಯೂಟರನ್ನೂ ಹಳೆಯ ಬಗೆಯದಕ್ಕೆ ಬದಲಿಸಬೇಕಾಗುತ್ತದೆ. ಅಷ್ಟು ಖರ್ಚಿನಲ್ಲಿ ಇರುವುದನ್ನೇ ಸರಿಮಾಡಬಹುದು.

ಬಿಚ್ಚುವ ಮುನ್ನ ನೋಡಬೇಕಾದದ್ದು

ನನ್ನ ಅನುಭವದಲ್ಲಿ ಈ ಲೇಖನದ ಅತಿ ಮುಖ್ಯ ಭಾಗ ಇದೇ. ಮೊದಲ ಮಳೆಗಾಲದಲ್ಲಿ ನಾನು ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿ ಜೋಡಿಸಿದೆ, ಎರಡು ಸಲವೂ ದೋಷ ಹಾಗೆಯೇ ಉಳಿಯಿತು. ಕೊನೆಗೆ ಸಿಕ್ಕಿದ್ದು ಎಂಜಿನ್ನಿನ ಹಿಂಬದಿಗೆ ಬಿಗಿದ ಒಂದು ಅರ್ತ್ ವೈರು: ಅದರ ತುದಿಯ ರಿಂಗ್ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿತ್ತು. ವರ್ಷಕ್ಕೆ ನಾಲ್ಕು ತಿಂಗಳು ಎಡೆಬಿಡದ ಮಳೆ, ಉಳಿದ ಎಂಟು ತಿಂಗಳು ಉಪ್ಪುಗಾಳಿ ಇರುವ ನಮ್ಮ ಊರಿನಲ್ಲಿ ತಾಮ್ರದ ತುದಿಗಳು, ರಬ್ಬರ್ ಹೋಸುಗಳು, ಎಗ್ಸಾಸ್ಟಿನ ಜೋಡಣೆಗಳು ಕಾರ್ಬ್ಯುರೇಟರಿಗಿಂತ ಬಹಳ ಮೊದಲೇ ಸಾಯುತ್ತವೆ, ಮತ್ತು ಅವುಗಳ ಸಾವಿನ ಲಕ್ಷಣಗಳೆಲ್ಲ ಕಾರ್ಬ್ಯುರೇಟರಿನ ಕಾಯಿಲೆಯಂತೆಯೇ ಕಾಣುತ್ತವೆ.

ಮೊದಲು ಕಂಪ್ಯೂಟರನ್ನೇ ಕೇಳಬೇಕು. ಡ್ಯಾಶ್‌ಬೋರ್ಡಿನ ಕೆಳಗಿನ ಪರೀಕ್ಷಾ ಕನೆಕ್ಟರಿನಲ್ಲಿ ಎ ಮತ್ತು ಬಿ ಎಂಬ ಎರಡು ಪಿನ್‌ಗಳನ್ನು ಒಂದು ತಂತಿಯ ತುಂಡಿನಿಂದ ಕೂಡಿಸಿ, ಎಂಜಿನ್ ಚಾಲೂ ಮಾಡದೆ ಕೀಲಿ ತಿರುಗಿಸಿದರೆ ಚೆಕ್ ಎಂಜಿನ್ ದೀಪ ಮಿನುಗತೊಡಗುತ್ತದೆ. ಒಂದು ಮಿನುಗು, ಸ್ವಲ್ಪ ಬಿಡುವು, ಮತ್ತೆ ಎರಡು ಮಿನುಗು ಎಂದರೆ 12. ಎಂಜಿನ್ ಓಡದಿರುವಾಗ ಇದು ಬರುವುದು ಸಹಜ, ಕಂಪ್ಯೂಟರ್ ಬದುಕಿದೆ ಎಂದಷ್ಟೇ ಇದರ ಅರ್ಥ. ಪ್ರತಿ ಸಂಖ್ಯೆಯೂ ಮೂರು ಸಲ ಬರುತ್ತದೆ. 13 ಬಂದರೆ ಆಕ್ಸಿಜನ್ ಸೆನ್ಸರಿನ ಸರ್ಕ್ಯೂಟ್ ತುಂಡಾಗಿದೆ. 14 ಮತ್ತು 15 ನೀರಿನ ಉಷ್ಣತೆಯ ಸೆನ್ಸರಿನವು. 21 ಮತ್ತು 22 ಥ್ರಾಟಲ್ ಸೆನ್ಸರಿನವು. 23 ಮತ್ತು 54 ಸೊಲೆನಾಯ್ಡಿನ ವೈರಿಂಗಿಗೆ ಸೇರಿದವು. 44 ಎಂದರೆ ಹೊಗೆ ಸದಾ ಲೀನ್ ಇದೆ, 45 ಎಂದರೆ ಸದಾ ರಿಚ್ ಇದೆ. ಸಂಖ್ಯೆಯನ್ನು ನೋಡಿದೊಡನೆ ಆ ಸೆನ್ಸರನ್ನು ಕೊಂಡು ತರಬಾರದು. 44 ಬಂದಾಗ ಸೆನ್ಸರ್ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿರುವ ಸಾಧ್ಯತೆಯೇ ಹೆಚ್ಚು. ಎಲ್ಲಿಂದಲೋ ಕಳ್ಳಗಾಳಿ ಒಳಬರುತ್ತಿದೆ ಎಂದು ಅದು ಹೇಳುತ್ತಿದೆ.

ಎರಡನೆಯ ಸಾಧನ ಡ್ವೆಲ್ ಮೀಟರ್: ಸೊಲೆನಾಯ್ಡಿಗೆ ಪ್ರತಿ ಬಡಿತದಲ್ಲಿ ಎಷ್ಟು ಹೊತ್ತು ವಿದ್ಯುತ್ ಇದೆ ಎಂಬುದನ್ನು ಇದು ಡಿಗ್ರಿಗಳಲ್ಲಿ ತೋರಿಸುತ್ತದೆ. ಪ್ಲಾಟಿನಂ ಪಾಯಿಂಟುಗಳ ಕಾಲದ ಈ ಉಪಕರಣ ಹಳೆಯ ಗ್ಯಾರೇಜುಗಳ ಮೂಲೆಯಲ್ಲಿ ಇನ್ನೂ ಸಿಗುತ್ತದೆ. ಕಾರ್ಬ್ಯುರೇಟರಿನ ಪಕ್ಕ ಜೋತಾಡುವ, ಯಾವುದಕ್ಕೂ ಸೇರದ ಒಂಟಿ ಹಸಿರು ಕನೆಕ್ಟರಿಗೆ ಅದನ್ನು ಸೇರಿಸಿ, ಎಂಜಿನ್ನಿಗೆ ಎಷ್ಟೇ ಸಿಲಿಂಡರುಗಳಿದ್ದರೂ 6 ಸಿಲಿಂಡರಿನ ಅಳತೆಯಲ್ಲಿಯೇ ಓದಬೇಕು. ಮೀಟರ್ ಸಿಗದಿದ್ದರೆ ಡ್ಯೂಟಿ ಸೈಕಲ್, ಎಂದರೆ ವಿದ್ಯುತ್ ಇರುವ ಹೊತ್ತು ನೂರಕ್ಕೆ ಎಷ್ಟು ಎಂದು, ತೋರಿಸುವ ಮಲ್ಟಿಮೀಟರ್ ಸಾಕು: 60 ಡಿಗ್ರಿ ಎಂದರೆ ನೂರಕ್ಕೆ ನೂರು, 30 ಡಿಗ್ರಿ ಎಂದರೆ ಅರ್ಧ ಎಂದು ಲೆಕ್ಕ ಹಾಕಿಕೊಳ್ಳಬಹುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮುಳ್ಳು 10 ಮತ್ತು 50 ಡಿಗ್ರಿಗಳ ನಡುವೆ ಎಲ್ಲೋ ಒಂದೆಡೆ ಸಣ್ಣದಾಗಿ ತೂಗಾಡುತ್ತಿರಬೇಕು. ಆ ತೂಗಾಟ ಇದ್ದರೆ ಕಂಪ್ಯೂಟರ್ ಸೆನ್ಸರಿನ ಮಾತು ಕೇಳಿ ತಿದ್ದುತ್ತಿದೆ ಎಂದರ್ಥ. ಮುಳ್ಳು 10ಕ್ಕಿಂತ ಕೆಳಗೆ ಬಿದ್ದು ಅಲ್ಲಿಯೇ ನಿಂತಿದ್ದರೆ, ಹೊಗೆಯಲ್ಲಿ ಲೀನ್ ಕಂಡು ಕಂಪ್ಯೂಟರ್ ಸಾಧ್ಯವಾದಷ್ಟೂ ಪೆಟ್ರೋಲ್ ಕೊಡುತ್ತಿದೆ. 50ಕ್ಕಿಂತ ಮೇಲೆ ನಿಂತಿದ್ದರೆ, ರಿಚ್ ಕಂಡು ಸಾಧ್ಯವಾದಷ್ಟೂ ಕಡಿತ ಮಾಡುತ್ತಿದೆ. ಯಾವುದೋ ಒಂದು ಅಂಕೆಯಲ್ಲಿ ಅಲುಗಾಡದೆ ನಿಂತಿದ್ದರೆ ಕಂಪ್ಯೂಟರ್ ಇನ್ನೂ ಸೆನ್ಸರಿಗೆ ಕಿವಿಗೊಟ್ಟಿಲ್ಲ. ಕೆಲವು ಎಂಜಿನ್ನುಗಳಲ್ಲಿ ಐಡ್ಲಿಂಗಿನ ಹೊತ್ತಿಗೆ ಸೆನ್ಸರ್ ತಣ್ಣಗಾಗಿ ಹೀಗಾಗುತ್ತದೆ; ಒಂದೆರಡು ನಿಮಿಷ ಎಕ್ಸಲರೇಟರ್ ಹಿಡಿದು ಮತ್ತೆ ನೋಡಬೇಕು.

ಈಗ ಒಂದು ಪರೀಕ್ಷೆ. ಎಂಜಿನ್ ವೇಗವನ್ನು 3,000 ಆರ್‌ಪಿಎಂನಲ್ಲಿ ಹಿಡಿದು, ಚೋಕ್ ತಟ್ಟೆಯನ್ನು ಕೈಯಿಂದ ಸ್ವಲ್ಪ ಮುಚ್ಚಿದರೆ ಮಿಶ್ರಣ ರಿಚ್ ಆಗುತ್ತದೆ, ಮತ್ತು ಡ್ವೆಲ್ ಮುಳ್ಳು ಮೇಲೇರಬೇಕು. ಎಂಜಿನ್ನಿನೊಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ಹೋಸನ್ನು ಬಿಡಿಸಿ ಗಾಳಿ ಒಳಬಿಟ್ಟರೆ ಮುಳ್ಳು ಕೆಳಗಿಳಿಯಬೇಕು. ಎರಡೂ ಆದರೆ ಸೆನ್ಸರ್, ಕಂಪ್ಯೂಟರ್, ವೈರಿಂಗ್ ಮೂರೂ ಸರಿಯಿವೆ. ಇನ್ನು ದೋಷ ಕಾರ್ಬ್ಯುರೇಟರಿನಲ್ಲಿ ಅಥವಾ ಕಳ್ಳಗಾಳಿಯಲ್ಲಿ. ಕಳ್ಳಗಾಳಿ ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಕ್ಲೀನರ್ ಸಿಂಪಡಿಸುವ ಪದ್ಧತಿ ಇದೆ, ಅದರಿಂದ ಬೆಂಕಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿರುವುದರಿಂದ ದಯವಿಟ್ಟು ಮಾಡಬೇಡಿ. ಡ್ವೆಲ್ ಮೀಟರ್ ಇರುವಾಗ ಅದರ ಅಗತ್ಯವೂ ಇಲ್ಲ: ಮೃದುವಾದ ಇಕ್ಕಳದಿಂದ ಒಂದೊಂದೇ ವ್ಯಾಕ್ಯೂಮ್ ಹೋಸನ್ನು ಹಿಸುಕುತ್ತ ಹೋಗಿ, ಯಾವುದನ್ನು ಹಿಸುಕಿದಾಗ ಕೆಳಗೆ ನಿಂತ ಮುಳ್ಳು ಮೇಲೇಳುತ್ತದೆಯೋ ಆ ಹೋಸಿನ ದಾರಿಯಲ್ಲಿ ತೂತಿದೆ. ನಲವತ್ತು ವರ್ಷದ ಗಾಡಿಯಲ್ಲಿ ಹೋಸುಗಳನ್ನೆಲ್ಲ ಬದಲಿಸಿಬಿಡುವುದೇ ಲೇಸು, ಆದರೆ ಒಂದನ್ನು ತೆಗೆದು ಅದೇ ಉದ್ದದ ಇನ್ನೊಂದನ್ನು ಹಾಕಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು.

ಉಳಿದವುಗಳನ್ನು ಚುಟುಕಾಗಿ ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಋಣ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ವೋಲ್ಟೇಜ್ ಅಳೆಯಿರಿ, 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತಿಂಗ್ ಸರಿಯಿಲ್ಲ. ಆಕ್ಸಿಜನ್ ಸೆನ್ಸರಿಗೂ ಎಂಜಿನ್ನಿಗೂ ನಡುವೆ ಎಗ್ಸಾಸ್ಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಸೇರಿ ಸೆನ್ಸರಿಗೆ ಸುಳ್ಳು ಲೀನ್ ಕಾಣಿಸುತ್ತದೆ. ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲ ಡಬ್ಬಿ ಒದ್ದೆಯಾಗಿದ್ದರೆ ಅಥವಾ ಎಂಜಿನ್ ಆಯಿಲಿನಲ್ಲಿ ಪೆಟ್ರೋಲ್ ಬೆರೆತಿದ್ದರೆ ಮುಳ್ಳು 50ರ ಮೇಲೆ ನಿಲ್ಲುತ್ತದೆ. ಸ್ಪಾರ್ಕ್ ಪ್ಲಗ್, ಕಂಪ್ರೆಶನ್, ಟೈಮಿಂಗ್ ನೋಡದೆ ಮುಂದೆ ಹೋಗಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾರ್ಬ್ಯುರೇಟರಿನದೇ ತಪ್ಪೆಂದು ಖಚಿತಪಡಿಸುವ ಕೊನೆಯ ಪರೀಕ್ಷೆ ಇದು. ಸೊಲೆನಾಯ್ಡಿನ ಕನೆಕ್ಟರ್ ತೆಗೆದು, ಆ ಹಸಿರು ಒಂಟಿ ವೈರನ್ನು ಅರ್ತ್ ಮಾಡಿ, ಎಂಜಿನ್ನನ್ನು 3,000 ಆರ್‌ಪಿಎಂನಲ್ಲಿ ನಿಲ್ಲಿಸಿ. ಥ್ರಾಟಲ್ ಅಲುಗಿಸದೆ ಕನೆಕ್ಟರನ್ನು ಮತ್ತೆ ಸೇರಿಸಿದರೆ ಪ್ಲಂಜರ್ ಪೂರ್ತಿ ಕೆಳಗಿಳಿದು ಮಿಶ್ರಣ ಒಮ್ಮೆಗೇ ಲೀನ್ ಆಗುತ್ತದೆ, ವೇಗ ಕನಿಷ್ಠ 300 ಆರ್‌ಪಿಎಂ ಕುಸಿಯಬೇಕು. ಕುಸಿಯದಿದ್ದರೆ ಸೊಲೆನಾಯ್ಡ್ ಹೇಳಿದಂತೆ ಪೆಟ್ರೋಲ್ ಕೇಳುತ್ತಿಲ್ಲ, ಮತ್ತು ಈಗ ಸ್ಪ್ಯಾನರ್ ಹಿಡಿಯಲು ಕಾರಣ ಸಿಕ್ಕಿತು.

ಹೊಸದೋ, ಹಳೆಯದನ್ನೇ ಸರಿಮಾಡುವುದೋ

ವಿದೇಶದಿಂದ ರಿಪೇರಿಯಾದ ಕಾರ್ಬ್ಯುರೇಟರ್ ತರಿಸಬಹುದು. ಆದರೆ ಹಾಗೆ ಬರುವವುಗಳಲ್ಲಿ ಹಲವು, ಬೇರೆ ಬೇರೆ ಗಾಡಿಗಳ ತುಂಡುಗಳನ್ನು ಕೂಡಿಸಿ ಮಾಡಿದವು. ಹೊರಗಿನಿಂದ ಒಂದೇ ರೀತಿ ಕಂಡರೂ ಜೆಟ್ಟು, ಮೀಟರಿಂಗ್ ಸೂಜಿ, ಗಾಳಿಯ ರಂಧ್ರಗಳ ಅಳತೆ ಬೇರೆ ಇರುತ್ತದೆ. ಫ್ಲೋಟ್ ಚೇಂಬರಿನ ಬದಿಯಲ್ಲಿ 17ರಿಂದ ಆರಂಭವಾಗುವ 8 ಅಂಕಿಗಳ ಸಂಖ್ಯೆ ಒತ್ತಿರುತ್ತದೆ, ಅದೇ ಈ ಕಾರ್ಬ್ಯುರೇಟರಿನ ಜಾತಕ. ಬದಲಿಗೆ ತರಿಸುವುದಾದರೆ ಅದೇ ಸಂಖ್ಯೆಯದನ್ನೇ ತರಿಸಬೇಕು, ಗ್ಯಾಸ್ಕೆಟ್, ರಬ್ಬರ್ ತುಂಡುಗಳ ರಿಪೇರಿ ಕಿಟ್ ತರಿಸುವಾಗಲೂ ಅದೇ ಸಂಖ್ಯೆಯನ್ನು ಕೊಡಬೇಕು. ನನ್ನ ತೀರ್ಮಾನ ಹೀಗಿದೆ: ಥ್ರಾಟಲ್ ಶಾಫ್ಟ್ ತನ್ನ ರಂಧ್ರದಲ್ಲಿ ಕೈಗೆ ತಿಳಿಯುವಷ್ಟು ಅಲುಗಾಡದಿದ್ದರೆ, ಮುಖಗಳು ಸೊಟ್ಟಗಾಗದಿದ್ದರೆ, ಬೌಲ್ (ಫ್ಲೋಟ್ ಚೇಂಬರ್) ಬಿರುಕು ಬಿಡದಿದ್ದರೆ, ಗಾಡಿಯೊಂದಿಗೆ ಹುಟ್ಟಿದ ಕಾರ್ಬ್ಯುರೇಟರನ್ನೇ ಸರಿಮಾಡುವುದು ಉತ್ತಮ. ಕಿಟ್ ಆರಿಸುವಾಗ ರಬ್ಬರ್ ತುಂಡುಗಳು ಎಥೆನಾಲ್ ತಾಳುವಂಥವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಕ್ಸಲರೇಟರ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವ ಪಂಪಿನ 1984ರ ರಬ್ಬರ್ ಕಪ್ ಅದರಲ್ಲಿ ಉಬ್ಬಿ, ಆಮೇಲೆ ಗಟ್ಟಿಯಾಗಿ, ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬಿಚ್ಚುವುದು

ಬ್ಯಾಟರಿಯ ಋಣ ತುದಿ ತೆಗೆದು, ಎಂಜಿನ್ ತಣಿದ ಮೇಲೆ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಜೋರು ಮಳೆಗೆ ಹೆದರಿ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಪೆಟ್ರೋಲ್ ಬಿಚ್ಚುವುದು ಅಪಾಯ. ಈಗ ನಾನು ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆಯೇ ಇಟ್ಟುಕೊಳ್ಳುತ್ತೇನೆ. ಪ್ರತಿ ಹೋಸಿಗೂ ವೈರಿಗೂ ಚೀಟಿ ಕಟ್ಟಿ, ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ. ಪೆಟ್ರೋಲ್ ಪೈಪನ್ನು ಬಿಡಿಸುವಾಗ ಎರಡು ಸ್ಪ್ಯಾನರ್ ಬೇಕು: ಒಂದು ಕಾರ್ಬ್ಯುರೇಟರಿನ ದೊಡ್ಡ ನಟ್ಟನ್ನು ಹಿಡಿಯಲು, ಇನ್ನೊಂದು ಪೈಪಿನ ನಟ್ಟನ್ನು ತಿರುಗಿಸಲು. ಒಂದೇ ಸ್ಪ್ಯಾನರಿನಿಂದ ಬಲ ಹಾಕಿದರೆ ಮೆತ್ತನೆಯ ಲೋಹದ ಬೌಲಿನ ಮರೆ ಕಿತ್ತುಬರುತ್ತದೆ, ಅಲ್ಲಿಗೆ ಆ ಕಾರ್ಬ್ಯುರೇಟರಿನ ಕಥೆ ಮುಗಿಯಿತು. ದೊಡ್ಡ ನಟ್ಟಿನ ಹಿಂದೆ ಸಣ್ಣ ಫಿಲ್ಟರ್ ಇರುತ್ತದೆ. ಅದರಲ್ಲಿ ಕೆಂಪು ತುಕ್ಕು ಕಂಡರೆ ಟ್ಯಾಂಕನ್ನೂ ತೊಳೆಯಬೇಕು.

ಮೇಲ್ಮುಚ್ಚಳದ ತಿರುಪುಗಳನ್ನು ತೆಗೆದು ಅದನ್ನು ನೇರವಾಗಿ ಮೇಲಕ್ಕೆತ್ತಬೇಕು, ಓರೆ ಮಾಡಿದರೆ ಒಳಗಿನ ತೆಳು ಕೊಳವೆಗಳು ಬಾಗುತ್ತವೆ. ಮುಚ್ಚಳ ಬಂದ ಮೇಲೆ ಬೌಲಿನಲ್ಲಿ ಕಾಣುವುದು ಪಂಪ್, ಥ್ರಾಟಲ್ ಸೆನ್ಸರ್, ನಡುವೆ ಸೊಲೆನಾಯ್ಡಿನ ಪ್ಲಂಜರ್, ಅದರ ಎರಡು ರೆಕ್ಕೆಗಳ ಕೆಳಗೆ ಎರಡು ಮೀಟರಿಂಗ್ ಸೂಜಿಗಳು. ಈ ಸೂಜಿಗಳನ್ನು ಹೊಸ ಮೊಟ್ಟೆಯಂತೆ ನೋಡಿಕೊಳ್ಳಿ. ಕಣ್ಣಿಗೆ ಕಾಣದಷ್ಟು ಬಾಗಿದರೂ ಜೆಟ್ಟಿನ ಅಂಚಿಗೆ ಉಜ್ಜಿ ಮಿಶ್ರಣ ಎಂದೂ ಸ್ಥಿರವಾಗುವುದಿಲ್ಲ. ಸೊಲೆನಾಯ್ಡನ್ನು ಹಿಡಿದಿರುವ ಸ್ಪ್ರಿಂಗ್ ಇರುವ ತಿರುಪು ಬರಿಯ ತಿರುಪಲ್ಲ, ಪ್ಲಂಜರ್ ಎಷ್ಟು ಕೆಳಗಿಳಿಯಬೇಕು ಎಂಬ ಲೀನ್ ಮಿತಿಯನ್ನು ಅದೇ ನಿರ್ಧರಿಸುತ್ತದೆ. ತೆಗೆಯುವ ಮೊದಲು ಅದನ್ನು ಬಲಕ್ಕೆ ನಿಧಾನವಾಗಿ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತು ಹೋಯಿತೆಂದು ಕಾಲು ಸುತ್ತಿನ ನಿಖರತೆಯಲ್ಲಿ ಬರೆದಿಡಿ. ಕಿಟ್ಟಿನ ಅಳತೆಗಳು ಕೈಕೊಟ್ಟರೆ ಮರಳಿ ಬರುವ ದಾರಿ ಆ ಒಂದು ಸಂಖ್ಯೆ ಮಾತ್ರ.

ಸೊಲೆನಾಯ್ಡಿನ ಎರಡು ತುದಿಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. 20 ಓಮಿನ ಆಸುಪಾಸಿನಲ್ಲಿ ಅಥವಾ ಸ್ವಲ್ಪ ಮೇಲೆ ಇದ್ದರೆ ಅದು ಆರೋಗ್ಯವಾಗಿದೆ. 10ಕ್ಕಿಂತ ಕಡಿಮೆ ಇದ್ದರೆ ಒಳಗೆ ಶಾರ್ಟ್ ಆಗಿದ್ದು, ಹೆಚ್ಚಿನ ಕರೆಂಟ್ ಎಳೆದು ಕಂಪ್ಯೂಟರಿನ ಟ್ರಾನ್ಸಿಸ್ಟರನ್ನೇ ಸುಡುತ್ತದೆ. ಅಂಥದ್ದನ್ನು ಮತ್ತೆ ಹಾಕಲೇಬಾರದು.

ತೊಳೆಯುವುದು

ಸೊಲೆನಾಯ್ಡ್, ಥ್ರಾಟಲ್ ಸೆನ್ಸರ್, ಎಲ್ಲ ಪ್ಲಾಸ್ಟಿಕ್, ರಬ್ಬರ್, ಫ್ಲೋಟುಗಳನ್ನು ಬೇರೆಯಿಟ್ಟು ಲೋಹದ ಭಾಗಗಳನ್ನು ಮಾತ್ರ ಕ್ಲೀನರಿನಲ್ಲಿ ನೆನೆಸಬೇಕು. ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ಸತು ಮತ್ತು ಅಲ್ಯೂಮಿನಿಯಂ ಅದರಲ್ಲಿ ಕರಗುತ್ತವೆ. ಜೆಟ್ಟಿನ ತೂತಿಗೆ ತಂತಿ ಹಾಕಿ ತಿವಿಯಬಾರದು. ಬಿಳಿ ಹರಳಿನಂಥ ಪುಡಿ ಬೌಲಿನ ತಳದಲ್ಲಿ ಕಂಡರೆ ಅಚ್ಚರಿಪಡಬೇಕಾಗಿಲ್ಲ: ಎಥೆನಾಲ್ ನಮ್ಮ ಗಾಳಿಯಿಂದ ತೇವವನ್ನು ಹೀರುತ್ತದೆ, ಗಾಡಿ ನಿಂತೇ ಇದ್ದರೆ ಆ ನೀರು ಬೇರ್ಪಟ್ಟು ತಳಕ್ಕಿಳಿದು ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಗಾಡಿ ಹೊರಡುವುದಿಲ್ಲವಾದರೆ ಬೌಲನ್ನು ಖಾಲಿ ಮಾಡಿಡುವುದು ಇದಕ್ಕೆ ಮದ್ದು.

ಗಾಳಿ ಊದಿ ಒಣಗಿಸುವಾಗ ಒಂದು ಎಚ್ಚರಿಕೆ. ಕಾರವಾರದ ತೇವದಲ್ಲಿ ಕಂಪ್ರೆಸರಿನ ಟ್ಯಾಂಕಿನೊಳಗೆ ಲೋಟಗಟ್ಟಲೆ ನೀರು ಸೇರಿರುತ್ತದೆ. ಕೆಳಗಿನ ವಾಲ್ವ್ ತೆರೆದು ಅದನ್ನು ಹರಿಸದೆ ಊದಿದರೆ, ಆಗ ತಾನೇ ತೊಳೆದ ಸಣ್ಣ ದಾರಿಗಳೊಳಗೆ ನೀರನ್ನೇ ತುಂಬಿದಂತಾಗುತ್ತದೆ. ಮೊದಲು ಗಾಳಿಯನ್ನು ಬಿಳಿ ಬಟ್ಟೆಯ ಮೇಲೆ ಊದಿ ನೋಡಿ. ಒಂದು ರಂಧ್ರದಲ್ಲಿ ಊದಿದ ಗಾಳಿ ಎಲ್ಲಿ ಹೊರಬರಬೇಕೋ ಅಲ್ಲಿಯೇ ಬರುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸುವುದಕ್ಕೆ ನನಗೆ ಅರ್ಧ ದಿನ ಹಿಡಿಯಿತು, ಮತ್ತು ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಅರ್ಧ ದಿನ ಅದು. ಐಡಲ್ ದಾರಿಯೊಂದರಲ್ಲಿ ಕಟ್ಟಿಕೊಂಡಿದ್ದ ಅಂಟು ಆಗಲೇ ಹೊರಬಂದದ್ದು.

ಬೌಲಿನ ಪೆಟ್ರೋಲ್ ಮಟ್ಟವನ್ನು ತೇಲುತ್ತ ಕಾಯುವ ಫ್ಲೋಟ್ ಟೊಳ್ಳು ಹಿತ್ತಾಳೆಯದಲ್ಲ, ಕಪ್ಪು ಫೋಮಿನದು. ವರ್ಷಗಳು ಕಳೆದಂತೆ ಅದು ಪೆಟ್ರೋಲ್ ಹೀರಿ ಭಾರವಾಗುತ್ತದೆ, ಆಗ ಬೌಲಿನ ಮಟ್ಟ ಏರಿ ಗಾಡಿ ಸದಾ ರಿಚ್ ಓಡುತ್ತದೆ. ನೀರಿನಲ್ಲಿ ತೇಲಿಸಿ ನೋಡಿದರೆ ಇದು ಗೊತ್ತಾಗುವುದಿಲ್ಲ, ತೂಗಿಯೇ ನೋಡಬೇಕು. ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಹೊಸ ಫ್ಲೋಟಿನ ತೂಕಕ್ಕೆ ಹೋಲಿಸಿದೆ. ನನ್ನದು ಹೋಲಿಕೆಗೆ ನಿಲ್ಲದಷ್ಟು ಭಾರವಿತ್ತು. ಹಸಿ ಪೆಟ್ರೋಲಿನ ವಾಸನೆಯ ಮೂಲ ಅದೇ ಆಗಿತ್ತು.

ಜೋಡಿಸುವುದು

ಹೊಸ ಗ್ಯಾಸ್ಕೆಟ್ಟನ್ನು ಹಳೆಯದರ ಮೇಲಿಟ್ಟು ಪ್ರತಿ ತೂತೂ ಹೊಂದುತ್ತದೆಯೇ ನೋಡಿ. ಕಿಟ್ಟಿನಲ್ಲಿ ಹಲವು ಮಾದರಿಗಳಿಗೆ ಬೇಕಾದವು ಒಟ್ಟಿಗೆ ಇರುತ್ತವೆ. ಎಲ್ಲಿಯೂ ಸಿಲಿಕೋನ್ ಹಚ್ಚಬೇಡಿ. ನಮ್ಮಲ್ಲಿ ಸೋರಿಕೆಗೆಲ್ಲ ಅದೇ ಮದ್ದು, ಆದರೆ ಸಾಮಾನ್ಯ ಸಿಲಿಕೋನಿನ ಆವಿ ಎಂಜಿನ್ ಮೂಲಕ ಹಾದು ಆಕ್ಸಿಜನ್ ಸೆನ್ಸರಿನ ಮೇಲೆ ಬಿಳಿ ಪದರವಾಗಿ ಕೂತು ಅದನ್ನು ಕೊಲ್ಲುತ್ತದೆ. ಪೆಟ್ರೋಲ್ ಅಂತೂ ಅದನ್ನು ಉಬ್ಬಿಸಿ, ಚೂರು ಚೂರಾಗಿ ಕಿತ್ತು ಜೆಟ್ಟಿಗೆ ಒಯ್ಯುತ್ತದೆ.

ಫ್ಲೋಟಿನ ಮಟ್ಟವನ್ನು ಗ್ಯಾಸ್ಕೆಟ್ ಇಲ್ಲದೆ ಅಳೆಯಬೇಕು. ಫ್ಲೋಟಿನ ಅಚ್ಚಿನ ತಂತಿಯನ್ನು ಒಂದು ಬೆರಳಿನಿಂದ ಒತ್ತಿಹಿಡಿದು, ಪೆಟ್ರೋಲ್ ಒಳಬರುವ ದಾರಿಯನ್ನು ಮುಚ್ಚುವ ಸೂಜಿಗೆ ಫ್ಲೋಟನ್ನು ಮೆಲ್ಲಗೆ ತಾಗಿಸಿ, ಬೌಲಿನ ಮೇಲಂಚಿನಿಂದ ಫ್ಲೋಟಿನ ಮೇಲ್ಮೈಗೆ ಇರುವ ಆಳವನ್ನು, ಅದರ ತುದಿಯಿಂದ ಸುಮಾರು 5 ಮಿ.ಮೀ. ಒಳಗಿನ ಬಿಂದುವಿನಲ್ಲಿ ಓದಬೇಕು. ಅಳತೆ ನಿಮ್ಮ ಸಂಖ್ಯೆಗೆ ಕಿಟ್ಟಿನ ಹಾಳೆಯಲ್ಲಿ ಕೊಟ್ಟದ್ದೇ ಇರಲಿ. ತೋಳನ್ನು ಬಗ್ಗಿಸುವಾಗ ಫ್ಲೋಟನ್ನು ಹೊರತೆಗೆದು ಬಗ್ಗಿಸಿ. ಅಲ್ಲಿಯೇ ಒತ್ತಿದರೆ ಹೊಸ ಸೂಜಿಯ ರಬ್ಬರ್ ತುದಿಗೆ ಗುಳಿ ಬೀಳುತ್ತದೆ.

ಸೊಲೆನಾಯ್ಡಿನ ಲೀನ್ ಮಿತಿಯನ್ನು ಹೊಂದಿಸಲು ವಿಶೇಷ ಗೇಜು ಇದೆ. ಈ ಬಗೆಯ ಹಲವು ಮಾದರಿಗಳಿಗೆ ಅದರ ಎತ್ತರ 1.304 ಇಂಚು, ಎಂದರೆ 33.1 ಮಿ.ಮೀ. ಲೇಥ್ ಇರುವವರಲ್ಲಿ ಇಷ್ಟು ಎತ್ತರದ ಹಿತ್ತಾಳೆಯ ತುಂಡೊಂದನ್ನು ಮಾಡಿಸಿಕೊಳ್ಳಬಹುದು. ಗೇಜು ಇಲ್ಲದಿದ್ದರೆ ಬರೆದಿಟ್ಟ ಸುತ್ತುಗಳ ಸಂಖ್ಯೆಗೆ ಮರಳಿ. ಮುಚ್ಚಳ ಕೂರಿಸಿದ ಮೇಲೆ ಮೇಲಿನ ರಂಧ್ರದಿಂದ ಕಡ್ಡಿಯೊಂದನ್ನು ಇಳಿಸಿ ಪ್ಲಂಜರನ್ನು ಒತ್ತಿ ಬಿಟ್ಟು ನೋಡಿ: ಅದು ಎಲ್ಲಿಯೂ ತಡೆಯದೆ ಓಡಾಡಬೇಕು, ಒಟ್ಟು ಓಡಾಟ ಇಂಚಿನ 2/32ರಿಂದ 6/32ರ ಒಳಗೆ, ಅಂದರೆ ಸುಮಾರು ಒಂದೂವರೆಯಿಂದ ಐದು ಮಿ.ಮೀ. ಒಳಗೆ ಇರಬೇಕು. ಮುಚ್ಚಳದ ತಿರುಪುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಿರಿ. ಥ್ರಾಟಲ್ ಸೆನ್ಸರಿನ ವೋಲ್ಟೇಜನ್ನು ಗಾಡಿಗೆ ಕೂರಿಸಿದ ಮೇಲೆ ನಿಮ್ಮ ಮಾದರಿಗೆ ಕೊಟ್ಟ ಸಂಖ್ಯೆಗೆ ಹೊಂದಿಸಬೇಕು. ಎಕ್ಸಲರೇಟರನ್ನು ನಿಧಾನವಾಗಿ ಒತ್ತುತ್ತ ಹೋದಾಗ ಅದು 5 ವೋಲ್ಟಿನ ಕಡೆಗೆ ಎಲ್ಲಿಯೂ ಎಗರದೆ ಏರಬೇಕು. ನಡುವೆ ಒಮ್ಮೆ ಸೊನ್ನೆಗೆ ಬಿದ್ದೆದ್ದರೆ ಸೆನ್ಸರ್ ಸವೆದಿದೆ, ಪಿಕಪ್ಪಿನಲ್ಲಿ ಮಿಸ್ಸಿಂಗ್ ಬರುವುದು ಅಲ್ಲಿಂದಲೇ.

ಗಾಡಿಯ ಮೇಲೆ ಹೊಂದಿಸುವುದು

ಮೊದಲ ಸಲ ಚಾಲೂ ಮಾಡುವ ಮುನ್ನ ಬೌಲನ್ನು ಮೇಲಿನ ಗಾಳಿ ರಂಧ್ರದಿಂದ ಸಿರಿಂಜಿನಲ್ಲಿ ತುಂಬಿದರೆ ಸ್ಟಾರ್ಟರನ್ನು ಸುಮ್ಮನೆ ದಣಿಸಬೇಕಾಗಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಎಂಜಿನ್ ಪೂರ್ತಿ ಬಿಸಿಯಾಗಿ, ಚೋಕ್ ತೆರೆದು, ರೇಡಿಯೇಟರ್ ಫ್ಯಾನ್ ಒಮ್ಮೆಯಾದರೂ ತಿರುಗಿದ ಮೇಲೆ ಡ್ವೆಲ್ ಮೀಟರ್ ನೋಡಿ. ಐಡ್ಲಿಂಗಿನಲ್ಲಿ ಮುಳ್ಳು 30 ಡಿಗ್ರಿಯ ಸುತ್ತ, 25 ಮತ್ತು 35ರ ನಡುವೆ ತೂಗಾಡುವಂತೆ, ಐಡ್ಲಿಂಗಿನ ಮಿಶ್ರಣಕ್ಕೆ ಗಾಳಿ ಬಿಡುವ, ಮೇಲ್ಮುಚ್ಚಳದ ಐಡಲ್ ಏರ್ ಬ್ಲೀಡ್ ತಿರುಪನ್ನು ಎಂಟನೇ ಒಂದು ಸುತ್ತಿನಂತೆ ತಿರುಗಿಸುತ್ತ, ಪ್ರತಿ ಸಲವೂ ಅರ್ಧ ನಿಮಿಷ ಕಾಯುತ್ತ ಹೊಂದಿಸಬೇಕು. ಸಾದಾ ಕಾರ್ಬ್ಯುರೇಟರಿಗೆ ಒಗ್ಗಿದ ಕೈಗೆ ಈ ಕಾಯುವಿಕೆ ಕಷ್ಟ: ಅಲ್ಲಿ ಕಿವಿಯಿಂದ ಟ್ಯೂನ್ ಮಾಡುತ್ತೇವೆ, ಇಲ್ಲಿ ಕಿವಿ ನಂಬಿದರೆ ಕಂಪ್ಯೂಟರ್ ತಿದ್ದಿಕೊಂಡ ಶಬ್ದವನ್ನೇ ಸರಿಯೆಂದುಕೊಳ್ಳುತ್ತೇವೆ. 30 ಎಂಬ ನಡು ಅಂಕೆಗೆ ಹೊಂದಿಸುವುದರ ಉದ್ದೇಶ, ಕಂಪ್ಯೂಟರಿಗೆ ಎರಡೂ ಕಡೆ ತಿದ್ದಲು ಸಮನಾದ ಜಾಗ ಬಿಡುವುದು.

ಎಥೆನಾಲ್ ಪೆಟ್ರೋಲಿನ ವಿಷಯದಲ್ಲಿ ಈ ಜಾಗ ಬಹಳ ಮುಖ್ಯವಾಗುತ್ತದೆ. ಶುದ್ಧ ಎಥೆನಾಲಿಗೆ ಒಂದು ಪಾಲಿಗೆ 9 ಪಾಲು ಗಾಳಿ ಸಾಕಾದ್ದರಿಂದ, ನೂರಕ್ಕೆ 20 ಬೆರೆತ ಪೆಟ್ರೋಲಿಗೆ ಸರಿಯಾದ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಸಾದಾ ಕಾರ್ಬ್ಯುರೇಟರ್ ಇದನ್ನು ಅರಿಯದೆ ಲೀನ್ ಓಡಿ ಎಂಜಿನ್ನನ್ನು ಕಾಯಿಸುತ್ತದೆ, ಜೆಟ್ಟು ಬದಲಿಸದೆ ಗತಿಯಿಲ್ಲ. ಕಂಪ್ಯೂಟರ್ ಇರುವ ಕಾರ್ಬ್ಯುರೇಟರ್ ತನ್ನ ಮಿತಿಯೊಳಗೆ ಇದನ್ನು ತಾನೇ ಸರಿಪಡಿಸುತ್ತದೆ: ಡ್ವೆಲ್ ಮುಳ್ಳು ಕೆಲವು ಡಿಗ್ರಿ ಕೆಳಗಿಳಿಯುತ್ತದೆ, ಅಷ್ಟೇ. ನಲವತ್ತು ವರ್ಷ ಹಿಂದೆ ಬೇರೊಂದು ದೇಶದ ಪೆಟ್ರೋಲಿಗೆ ಮಾಡಿದ ಈ ಯಂತ್ರ ಇಂದಿನ ನಮ್ಮ ಪೆಟ್ರೋಲಿಗೂ ಹೊಂದಿಕೊಳ್ಳುತ್ತಿರುವುದನ್ನು ಮೀಟರಿನಲ್ಲಿ ನೋಡಿದ ದಿನ ನನಗಾದ ಸಂತೋಷ ದೊಡ್ಡದು. ಆದ್ದರಿಂದ ಹೊಂದಿಸುವ ದಿನ ಟ್ಯಾಂಕಿನಲ್ಲಿ ನೀವು ಮುಂದೆಯೂ ಹಾಕಲಿರುವ ಪೆಟ್ರೋಲೇ ಇರಲಿ.

ಕೊನೆಯ ಪರೀಕ್ಷೆಯನ್ನು ನಾನು ಘಟ್ಟದಲ್ಲಿ ಮಾಡುತ್ತೇನೆ. ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಊರಿಗೆ ಏರುವಾಗ ಗಾಡಿಗೆ ಭಾರ, ಬಿಸಿ, ತೆಳುಗಾಳಿ ಮೂರೂ ಒಟ್ಟಿಗೆ ಸಿಗುತ್ತವೆ. ಏರಿನ ನಡುವೆ ಉಸಿರು ಕಟ್ಟಿದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರನ್ನು, ತಿರುವಿನಲ್ಲಿ ಮಾತ್ರ ಕಟ್ಟಿದರೆ ಫ್ಲೋಟಿನ ಮಟ್ಟವನ್ನು ಸಂಶಯಿಸಬೇಕು. ಮೇಲೆ ತಲುಪಿ ಎಂಜಿನ್ ಆರಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ. ಆಗ ಮಾತ್ರ ತೊಂದರೆ ಕೊಟ್ಟರೆ ಬಿಸಿಗೆ ಬೌಲಿನ ಪೆಟ್ರೋಲ್ ಕುದಿದು ಉಕ್ಕುತ್ತಿದೆ, ಕಾರ್ಬ್ಯುರೇಟರಿನ ಕೆಳಗಿನ ದಪ್ಪ ಇನ್ಸುಲೇಟರ್ ಗ್ಯಾಸ್ಕೆಟ್ ಬಿಟ್ಟುಹೋಗಿದೆಯೇ ನೋಡಿ. ಮನೆಗೆ ಮರಳಿದ ಮೇಲೆ ಪರೀಕ್ಷಾ ಪಿನ್‌ಗಳನ್ನು ಮತ್ತೆ ಕೂಡಿಸಿ, 12 ಒಂದೇ ಬರುತ್ತದೆಯೇ ಎಂದು ಖಚಿತಪಡಿಸಿಕೊಂಡು, ಐಡ್ಲಿಂಗಿನ ಡ್ವೆಲ್ ಅಂಕೆಯನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿಡಿ. ಮಳೆಗಾಲ ಕಳೆದು ಮತ್ತೆ ಅಳೆದಾಗ ಅಂಕೆ 10 ಡಿಗ್ರಿಗಿಂತ ಹೆಚ್ಚು ಸರಿದಿದ್ದರೆ, ಮೊದಲು ಆ ಅರ್ತ್ ವೈರಿನ ರಿಂಗನ್ನು ಬಿಚ್ಚಿ ನೋಡಿ.